ಕರೆಂಟು ಹೋಗಿದ್ದು ನಿಜ, ದಾರಿ ಮರೆತಿದ್ದು ಯಾರು?

ಈ ಬ್ಲಾಗಿಗೆ ಧೂಳು ಹಿಡಿದು ತಿಂಗಳುಗಳಾದವು. ಇವತ್ತು ಬರೆಯೋಕೆ ಕೂರಿಸಿದ್ದು ಸಿಟ್ಟು. ಮೊನ್ನೆ ಮೀಟಿಂಗಿನಲ್ಲಿ ಒಬ್ಬರು "ಅದು ರೂರಲ್ ಸೈಟ್, ಅಲ್ಲಿ ಕನೆಕ್ಟಿವಿಟಿ ಹಂಗೇ" ಅಂದ್ರು. ಎಲ್ಲರೂ ತಲೆಯಾಡಿಸಿದ್ರು. ಆ 'ರೂರಲ್ ಸೈಟ್' ಇರೋದು ನಾನು ಹುಟ್ಟಿ ಬೆಳೆದ ದೊಡ್ಡಬಳ್ಳಾಪುರದಲ್ಲಿ. ಅಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ, ಅದಕ್ಕೇ ಇಲ್ಲಿ ಕಕ್ಕುತ್ತಿದ್ದೇನೆ.

ನಾನು ನೆಟ್‌ವರ್ಕ್ ಟೀಮಿನವನಲ್ಲ, ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯೋನು. ದೊಡ್ಡಬಳ್ಳಾಪುರದಲ್ಲಿ ಒಂದು ಫ್ಯಾಕ್ಟರಿ, ಹೊಸಕೋಟೆಯಲ್ಲಿ ಅದರ ಗೋಡೌನು, ಎರಡರ ಮಧ್ಯೆ ನೇರ ಲೈನು. ಫ್ಯಾಕ್ಟರಿಯ ಸ್ವಿಚ್ಚಿಗೆ ಯಾರೋ ಒಂದು ಸ್ಟಾಟಿಕ್ ರೂಟ್ ಹೇಳಿಕೊಟ್ಟಿದ್ದರು: 10.30.4.0 ನೆಟ್‌ವರ್ಕಿಗೆ, ಮಾಸ್ಕ್ 255.255.255.0, ಹೋಗಬೇಕಾದರೆ 10.30.0.2ರ ಕೈಗೆ ಕೊಡು. ಅಷ್ಟೇ ಸ್ವಾಮಿ, ಒಂದು ಸಾಲು. ಹೊಸಕೋಟೆ ಕಡೆಯಿಂದ ವಾಪಸ್ ಬರೋಕೂ ಇಂಥದ್ದೇ ಒಂದು ಸಾಲು ಬೇಕು, ಅದೂ ಇತ್ತು.

ಆದರೆ ಈ ಥರದ ಸ್ವಿಚ್ಚುಗಳಿಗೆ ಎರಡು ನೆನಪು. ಟೈಪ್ ಮಾಡಿದ್ದು ಆ ಕ್ಷಣಕ್ಕೇ ಜಾರಿಗೆ ಬರುತ್ತೆ, ಆದರೆ ಅದು ಕೂತಿರೋದು ರ‍್ಯಾಮಿನಲ್ಲಿ. ರನ್ನಿಂಗ್ ಕಾನ್ಫಿಗರೇಶನ್ನನ್ನು ಸ್ಟಾರ್ಟಪ್‌ಗೆ ಕಾಪಿ ಮಾಡದಿದ್ದರೆ, ಕರೆಂಟು ಹೋಗಿ ಬಂದಾಗ ಅದು ಮಂಗಮಾಯ. ಬೆಂಗಳೂರಿನಲ್ಲಿ ಕೂತು ರಿಮೋಟಿನಲ್ಲಿ ಆ ಸಾಲು ಹೊಡೆದವರು "ವರ್ಕ್ ಆಯ್ತು" ಅಂತ ಕಾಫಿಗೆ ಎದ್ದು ಹೋಗಿದ್ದರು.

ಒಂದು ರಾತ್ರಿ ಮಳೆ, ಕರೆಂಟು ಹೋಯ್ತು, ಯುಪಿಎಸ್ಸೂ ಮಲಗಿತು. ಬೆಳಿಗ್ಗೆ ನೋಡಿದರೆ ಇಂಟರ್ನೆಟ್ ಬರ್ತಿದೆ, ಮೇಲ್ ಬರ್ತಿದೆ, ಹೊಸಕೋಟೆ ಮಾತ್ರ ಸಿಗ್ತಿಲ್ಲ. ಡೆಸ್ಪ್ಯಾಚ್ ಸ್ಲಿಪ್ ಪ್ರಿಂಟಾಗದೆ ಲಾರಿಗಳು ಗೇಟಲ್ಲೇ ನಿಂತವು. ಮೊದಲು ಕರೆಂಟನ್ನು ಬೈದರು, ಆಮೇಲೆ ಲೈನು ಕೊಟ್ಟವರನ್ನ. ಕೊನೆಗೆ ಅಲ್ಲಿನ ಹುಡುಗನ ಮೇಲೆ ಬಿದ್ದರು: "ನೀನೇ ಏನೋ ಮುಟ್ಟಿರಬೇಕು, ಬರೆದು ಕೊಡು." ಡಿಪ್ಲೊಮಾ ಮಾಡಿದ ಊರಿನ ಹುಡುಗ, ಕಾಂಟ್ರ್ಯಾಕ್ಟ್ ಕೆಲಸ. ಮುಟ್ಟೋಕೆ ಅವನ ಹತ್ತಿರ ಸ್ವಿಚ್ಚಿನ ಪಾಸ್‌ವರ್ಡೇ ಇರಲಿಲ್ಲ!

ಅವನು ನನಗೆ ಫೋನ್ ಮಾಡಿದ. ಪಿಂಗ್ ಹೊಡಿಯೋ ಮಾರಾಯ ಅಂದೆ. 10.30.0.2 ಉತ್ತರ ಕೊಡ್ತು, ಅಂದರೆ ಲೈನು ಗುಂಡುಕಲ್ಲಿನ ಹಾಗಿದೆ. ಅದರಾಚೆಯ ಗೋಡೌನಿನ ಸರ್ವರ್ ಮಾತ್ರ ಮೌನ. ಟ್ರೇಸ್ ಮಾಡಿಸಿದರೆ ಪ್ಯಾಕೆಟ್ಟು ಬೆಂಗಳೂರಿನ ಕಡೆ ಹೊರಟಿದೆ! ಹೊಸಕೋಟೆಯ ಸಾಲು ಅಳಿಸಿಹೋಗಿದ್ದರಿಂದ ಡೀಫಾಲ್ಟ್ ರೂಟ್ ಹಿಡಿದು ಹೆಡ್ ಆಫೀಸಿನ ಫೈರ್‌ವಾಲಿಗೆ ಹೋಗಿ ಅಲ್ಲೇ ಸಾಯ್ತಿತ್ತು. ಲಾರಿ ಡ್ರೈವರಿಗೆ ಗೊತ್ತು: ಹಳೇ 207, ಈಗಿನ 648ನೇ ಹೆದ್ದಾರಿ ಹಿಡಿದರೆ ದೇವನಹಳ್ಳಿ, ಸೂಲಿಬೆಲೆ ಮೇಲೆ ಹೊಸಕೋಟೆ, ಬೆಂಗಳೂರು ಹೊಗಬೇಕಿಲ್ಲ. (ಬೆಂಗಳೂರು ಸುತ್ತೋದು ನಮ್ಮವರಿಗೆ ಹೊಸದಲ್ಲ ಬಿಡಿ. 1986ರಲ್ಲಿ ಗ್ರಾಮಾಂತರ ಜಿಲ್ಲೆ ಆದರೂ ಡಿಸಿ ಆಫೀಸು ಮಾತ್ರ ಎಷ್ಟೋ ವರ್ಷ ನಗರದೊಳಗೇ ಇತ್ತು, ಬೀರಸಂದ್ರಕ್ಕೆ ಬಂದಿದ್ದು ಇತ್ತೀಚೆಗೆ.)

ನೆಟ್‌ವರ್ಕ್ ಟೀಮಿನವರನ್ನ ಕಾಡಿ ಬೇಡಿ ಆ ಸಾಲು ಹಾಕಿಸಿ ಸೇವ್ ಮಾಡಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಮೀಟಿಂಗಿನ ತೀರ್ಮಾನ ಕೇಳಿ. "ಸ್ಟಾಟಿಕ್ ರೂಟ್ ಹಳೇ ಕಾಲದ್ದು, ಓಎಸ್‌ಪಿಎಫ್ ಹಾಕೋಣ." ಅಲ್ಲ ಸ್ವಾಮಿ, ಓಎಸ್‌ಪಿಎಫ್ ಹಾಕಿ ಅದನ್ನೂ ಸೇವ್ ಮಾಡದಿದ್ದರೆ? ಅದೂ ಅದೇ ರಾತ್ರಿ ಅದೇ ಮಳೆಗೆ ಹೋಗುತ್ತೆ. ಎರಡು ಊರು, ಒಂದು ಲೈನು. ಇದಕ್ಕೆ ರೂಟಿಂಗ್ ಪ್ರೋಟೋಕಾಲ್ ಅಂದ್ರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ರೂಟರುಗಳು ತಾವೇ ಮಾತಾಡಿಕೊಂಡರೆ ತಪ್ಪೇ ಆಗಲ್ಲ ಅನ್ನೋರು 2008ರ ಫೆಬ್ರವರಿ 24 ನೆನಪಿಸಿಕೊಳ್ಳಲಿ. ಪಾಕಿಸ್ತಾನ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯೋಕೆ ಹಾಕಿದ ದಾರಿ ಬಿಜಿಪಿ ಮೂಲಕ ಹೊರಗೆ ಸೋರಿತು. ಯೂಟ್ಯೂಬಿನದು /22, ಅವರದು /24. ಹೆಚ್ಚು ನಿಖರವಾದ ವಿಳಾಸಕ್ಕೇ ಮರ್ಯಾದೆ ಜಾಸ್ತಿ ಅನ್ನೋದು ನಿಯಮ, ಹಾಗಾಗಿ ಜಗತ್ತಿನ ಬಹುಭಾಗಕ್ಕೆ ಸುಮಾರು ಎರಡು ಗಂಟೆ ಯೂಟ್ಯೂಬ್ ಇಲ್ಲ. ಸ್ಟಾಟಿಕ್ ಸಾಲಿನ ತಪ್ಪು ತನ್ನ ಮನೆಯೊಳಗೇ ಉಳಿಯುತ್ತೆ, ಊರೆಲ್ಲ ಡಂಗುರ ಸಾರೋದಿಲ್ಲ.

ಸ್ಟಾಟಿಕ್ ರೂಟಿಗೆ ಕಣ್ಣಿಲ್ಲ ಅನ್ನೋದು ನಿಜವೇ. ಮಧ್ಯೆ ಮೀಡಿಯಾ ಕನ್ವರ್ಟರ್ ಇದ್ದರೆ ಆಚೆ ತಂತಿ ಕಡಿದರೂ ಈಚೆ ದೀಪ ಹಸಿರಾಗೇ ಉರೀತಿರುತ್ತೆ, ಸ್ವಿಚ್ಚು ಪ್ಯಾಕೆಟ್ಟನ್ನ ಬಾವಿಗೆ ಸುರೀತಾನೇ ಇರುತ್ತೆ. ಹತ್ತು ಊರು, ಎರಡೆರಡು ಲೈನು ಆದಾಗ ಓಎಸ್‌ಪಿಎಫ್ ತನ್ನಿ, ನಾನೇ ಆರತಿ ಎತ್ತುತ್ತೇನೆ. :-)

ಆದರೆ ಇಲ್ಲಿ ಕೊರತೆ ಇದ್ದಿದ್ದು ಪ್ರೋಟೋಕಾಲಿನದಲ್ಲ, ಒಂದು ಹಾಳೆಯದು. ಯಾವ ಸಾಲು ಯಾಕಿದೆ ಅಂತ ಅಲ್ಲಿರೋನಿಗೆ ಅರ್ಥ ಆಗೋ ಭಾಷೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ನಾವು ಬ್ಲಾಗಿಗರೂ ಕಮ್ಮಿ ಇಲ್ಲ. ರೂಟರಿಗೆ ಕನ್ನಡದಲ್ಲಿ 'ಮಾರ್ಗಕ' ಅನ್ನಬೇಕೋ 'ದಾರಿಗ' ಅನ್ನಬೇಕೋ ಅಂತ ಕಾಮೆಂಟುಗಳಲ್ಲಿ ಕುಸ್ತಿ ಆಡ್ತೀವಿ. ರೂಟರ್ ಅಂತಲೇ ಅನ್ನಿ ಮಾರಾಯ್ರೇ, ಅದನ್ನ ಸೇವ್ ಮಾಡೋದು ಹೇಗೆ ಅಂತ ನಾಲ್ಕು ಸಾಲು ಕನ್ನಡದಲ್ಲಿ ಬರೀರಿ!

ಹೋದ ಭಾನುವಾರ ಊರಿಗೆ ಹೋದಾಗ ನಾನೇ ಒಂದು ಹಾಳೆ ಬರೆದು ರ‍್ಯಾಕಿನ ಬಾಗಿಲ ಒಳಗೆ ಅಂಟಿಸಿ ಬಂದೆ. ಎರಡು ರೂಟು, ಯಾವುದು ಎಲ್ಲಿಗೆ, ಯಾವ ಪಿಂಗ್ ಬಂದರೆ ಏನರ್ಥ, ಕೊನೆಗೆ ದಪ್ಪಕ್ಷರದಲ್ಲಿ 'ಸೇವ್'. ಹುಡುಗ ಓದಿ ನನ್ನದೇ ಒಂದು ಮಾಸ್ಕ್ ತಪ್ಪು ಹಿಡಿದ. ಪಾಸ್‌ವರ್ಡ್ ಅವನಿಗೆ ಇನ್ನೂ ಕೊಟ್ಟಿಲ್ಲ.