ಕಳ್ಳರಷ್ಟೇ ಬಾಗಲಾ ಹಾಕ್ಕೋತಾರೇನು?

"ನಮ್ಮ ಹತ್ರ ಮುಚ್ಚಿಡಲಿಕ್ಕೆ ಏನದ? ನಾವೇನು ಕಳುವು ಮಾಡೀವೇನು?" ಫೋನಿನ ಮಾತು ಬಂದಾಗೊಮ್ಮೆ ನಮ್ಮ ವೈನಿ ಇದನ್ನ ಅಂತಾರ. ಮೊನ್ನೆ ಅರಿಷಿಣ-ಕುಂಕುಮಕ್ಕ ಬಂದವರೆಲ್ಲಾ ಹೂಂ ಅಂದ್ರು. ಅವತ್ತ ಸುಮ್ಮನಾದೆ, ಇವತ್ತ ಬರೀತೀನಿ.

ವೈನಿ, ಸ್ನಾನಕ್ಕ ಹೋದಾಗ ಚಿಲಕಾ ಹಾಕ್ಕೋತೀರಿಲ್ಲೋ? ಅಲ್ಲೇನು ಕಳುವು ಮಾಡ್ತಿರ್ತೀರಿ?

ಹೋದ ವರ್ಷ ನನ್ನ ಎದಿಯೊಳಗ ಸಣ್ಣ ಗಂಟು ಕೈಗೆ ಹತ್ತಿತು. ಯಾರಿಗೂ ಹೇಳಿರಲಿಲ್ಲ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಫೋನಿನ್ಯಾಗ ಹುಡುಕಿ ಓದಿದೆ. ಎರಡ ದಿನಕ್ಕ ಮಗ ಅದೇ ಫೋನಿನ್ಯಾಗ ಪಂಚಾಂಗ ನೋಡಲಿಕ್ಕೆ ಹೋದ್ರ, ತಿಥಿ ಪಕ್ಕಕ್ಕ ಕ್ಯಾನ್ಸರ್ ದವಾಖಾನಿ ಜಾಹೀರಾತು! "ಅವ್ವಾ, ಇದೇನು?" ಅಂತ ಅವನ ಮಾರಿ ಬಿಳಚಿತು. ಗಂಟಿನಿಂದ ಏನೂ ತ್ರಾಸಿಲ್ಲ ಅಂತ ಆಮ್ಯಾಲೆ ಡಾಕ್ಟರು ಹೇಳಿದ್ರು, ಖರೆ. ಆದ್ರ ಮಗಗ ಯಾವಾಗ, ಹೆಂಗ ಹೇಳಬೇಕು ಅನ್ನೋದು ನನಗ ಸೇರಿದ್ದು. ಅದನ್ನ ಯಾರೋ ಕಸಗೊಂಡ್ರು.

ನಾವು ಒಂದು ಪುಟ ತೆರೆದ್ರ, ಅದರೊಳಗ ಬ್ಯಾರೆ ಕಂಪನಿಯವರೂ ಕೂತಿರ್ತಾರ. ಕುಕಿ ಅನ್ನೋ ಚೀಟಿ ನಮ್ಮ ಫೋನಿನ್ಯಾಗ ಇಟ್ಟು, ಮುಂದ ಹೋದಲ್ಲೆಲ್ಲಾ ಗುರುತು ಹಿಡೀತಾರ. "ಕುಕಿ ಅಳಿಸಿದ್ರ ಆತಲ್ಲ?" ಆಗಂಗಿಲ್ಲ. ಫಿಂಗರ್‌ಪ್ರಿಂಟಿಂಗ್ ಅಂತ ಇನ್ನೊಂದದ. ನಮಗ ಕಾಣಧಂಗ ನಮ್ಮ ಬ್ರೌಸರ್ ಕಡಿಂದ ಒಂದು ಚಿತ್ರ ಬಿಡಿಸ್ತಾರ. ಚುಕ್ಕಿ ಒಂದೇ ಇದ್ರೂ ರಂಗೋಲಿ ನೋಡಿ ಯಾರ ಕೈ ಅಂತ ನಾವು ಹೇಳಂಗಿಲ್ಲೇನು? ಹಂಗ. ಅದರ ಜೋಡಿ ಪರದೆ ಅಳತಿ, ಫಾಂಟು, ಭಾಷಾ ಎಲ್ಲಾ ಕೂಡಿಸ್ತಾರ. 2010ರಾಗ ಅಮೆರಿಕಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನವರು ಸುಮಾರು 4.7 ಲಕ್ಷ ಬ್ರೌಸರ್ ನೋಡಿದ್ರು. ನೂರಕ್ಕ 83 ಬ್ರೌಸರಿನ ಗುರುತು ಬ್ಯಾರೆ ಯಾವುದಕ್ಕೂ ಹೊಂದಲಿಲ್ಲ. ಇನ್‌ಕಾಗ್ನಿಟೋ ಅಂದ್ರ ನಿಮ್ಮ ಫೋನಿನ್ಯಾಗಿನ ನೆನಪು ಅಳಿಸ್ತದ ಅಷ್ಟೇ, ಅವರ ವಹಿಯೊಳಗಿಂದಲ್ಲ.

ಅದಕ್ಕ ನಾನು ಫೈರ್‌ಫಾಕ್ಸ್ ಹಾಕ್ಕೊಂಡೆ. ಪುಕ್ಕಟೆ, ಮ್ಯಾಲೆ ಓಪನ್ ಸೋರ್ಸ್. ಅಂದ್ರ ಮಸಾಲಿ ಪುಡಿಯೊಳಗ ಏನೇನು ಹಾಕ್ಯಾರ ಅಂತ ಬರದು ಇಟ್ಟಾರ. ನನಗ ಓದಲಿಕ್ಕೆ ಬರಂಗಿಲ್ಲ ಖರೆ, ಆದ್ರ ಬಲ್ಲವರು ಓದಿ ತಪ್ಪು ಹಿಡೀತಾರ. 2019ರಿಂದ ಅದು ಗೊತ್ತಿದ್ದ ಟ್ರ್ಯಾಕರ್ ಕುಕಿಗಳನ್ನ ತಾನಾಗೇ ತಡೀತದ. 2020ರಿಂದ ಫಿಂಗರ್‌ಪ್ರಿಂಟ್ ಮಾಡ್ತಾವ ಅಂತ ಗೊತ್ತಾದ ಕಂಪನಿಗಳನ್ನೂ ತಡೀತದ. ಇನ್ನೂ ಗಟ್ಟಿ ಬೇಕಂದ್ರ ಟಾರ್ ಬ್ರೌಸರ್ ಅದ. ಅದರಾಗ ಎಲ್ಲಾರೂ ಒಂದೇ ಇಳಕಲ್ ಸೀರಿ ಉಟ್ಟು, ಸೆರಗು ಹೊದ್ದು ನಿಂತಂಗ. ಯಾರು ಯಾರಂತ ಹೇಳೋದು ಕಷ್ಟ.

ಇಷ್ಟಕ್ಕ ಎಲ್ಲಾ ಮುಗೀತು ಅನ್ನಂಗಿಲ್ಲ. ಹೆಸರು ಹೇಳಿ ಲಾಗಿನ್ ಆದ್ರ ಯಾವ ಬ್ರೌಸರೂ ನಿಮ್ಮನ್ನ ಮುಚ್ಚಂಗಿಲ್ಲ. ಸಿಕ್ಕ ಸಿಕ್ಕ ಆಡ್‌ಆನ್ ತುರುಕಿದ್ರ ಮಂದ್ಯಾಗ ಮತ್ತಿಷ್ಟು ಎದ್ದು ಕಾಣ್ತೀರಿ. ಆದ್ರ ಕಳ್ಳ ಗೋಡಿ ಹಾರ್ತಾನಂತ ಬಾಗಲಾ ತೆಗದಿಟ್ಟು ಮಲಗ್ತೀವೇನು?

ಮುಚ್ಚಿಡೋದು ತಪ್ಪಲ್ಲ, ವೈನಿ. ಕೇಳದs ಇಣಕೋದು ತಪ್ಪು. ಶುಕ್ರವಾರ ಚಹಾಕ್ಕ ಬರ್ರಿ, ಫೋನ್ ತರ್ರಿ. ಫೈರ್‌ಫಾಕ್ಸಿನ ಸೆಟ್ಟಿಂಗ್ಸ್‌ನ್ಯಾಗ 'ಎನ್‌ಹಾನ್ಸ್ಡ್ ಟ್ರ್ಯಾಕಿಂಗ್ ಪ್ರೊಟೆಕ್ಷನ್' ತೆಗದು 'ಸ್ಟ್ರಿಕ್ಟ್' ಒತ್ತೋದು, ಅಷ್ಟೇ. ಚಹಾ ಕುದಿಯೋದ್ರಾಗ ಮುಗೀತದ.