ಸೈಬೀರಿಯದ ಹಿಮನೆಲ, ಮೇಲುಕೋಟೆ ತಪ್ಪಲಿನ ಗದ್ದೆ

ಸೈಬೀರಿಯ, ಅಲಾಸ್ಕ, ಕೆನಡಾಗಳಲ್ಲಿ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ್ದ ನೆಲ ಕರಗತೊಡಗಿದೆ. ಪರ್ಮಾಫ್ರಾಸ್ಟ್ ಎಂದು ಕರೆಯಲಾಗುವ ಈ ನೆಲದಲ್ಲಿ ಸುಮಾರು 1,500 ಶತಕೋಟಿ ಟನ್ ಇಂಗಾಲ ಹುದುಗಿದೆ. ವಾತಾವರಣದಲ್ಲಿರುವುದರ ಹೆಚ್ಚುಕಡಿಮೆ ಎರಡು ಪಟ್ಟು. ಕರಗಿದ ನೀರು ನಿಂತಲ್ಲಿ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಹಳೆಯ ಸಸ್ಯಶೇಷವನ್ನು ಕೊಳೆಸಿ ಮೀಥೇನ್ ಹೊರಬಿಡುತ್ತವೆ. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿಯೇರಿಸುವ ಅನಿಲ.

ಮೇಲುಕೋಟೆ ಬೆಟ್ಟದಿಂದ ದಕ್ಷಿಣಕ್ಕಿಳಿದರೆ ಸಿಗುವ ಪಾಂಡವಪುರ, ಶ್ರೀರಂಗಪಟ್ಟಣ ಬಯಲಿನ ಭತ್ತದ ಗದ್ದೆಗಳಲ್ಲಿ ನಡೆಯುವುದೂ ಇದೇ ಕ್ರಿಯೆ. ಆದರೆ ಹಿಮನೆಲ ಕರಗುವುದನ್ನು ಯಾವ ರೈತನೂ ತಡೆಯಲಾರ. ಗದ್ದೆಯ ನೀರನ್ನು ನಿಯಂತ್ರಿಸಬಲ್ಲ. ನೀರು ಕಟ್ಟಿ, ಇಂಗಲು ಬಿಟ್ಟು, ಮತ್ತೆ ಕಟ್ಟಿದರೆ ಮೀಥೇನ್ ಗಣನೀಯವಾಗಿ ತಗ್ಗುತ್ತದೆ, ನೀರೂ ಉಳಿಯುತ್ತದೆ. ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತದ ತಳಿಗಳನ್ನೂ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ.

2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಆರಂಭವಾದ ಜಾಗತಿಕ ಮೀಥೇನ್ ಪ್ರತಿಜ್ಞೆಗೆ ಭಾರತ ಸೇರಿಲ್ಲ. ಸಣ್ಣ ರೈತರ ಜೀವನೋಪಾಯದ ಪ್ರಶ್ನೆಯಿದೆ ಎಂಬ ವಾದದಲ್ಲಿ ಹುರುಳಿದೆ. ಮಂಡ್ಯದ ರೈತರು ಗದ್ದೆ ಆರಲು ಬಿಡಲು ಹಿಂಜರಿಯುವುದು ಅಜ್ಞಾನದಿಂದಲ್ಲ. ಮುಂಗಾರು ಕೈಕೊಟ್ಟ 2023ರಲ್ಲಿ ಕೃಷ್ಣರಾಜಸಾಗರ 124.80 ಅಡಿಯ ಗರಿಷ್ಠ ಮಟ್ಟ ಮುಟ್ಟಲೇ ಇಲ್ಲ. ಅಂಥ ವರ್ಷ ಕಂಡವರು, ಅದರಲ್ಲೂ ನಾಲೆಯ ಕೊನೆಯ ಭಾಗದವರು, ಸಿಕ್ಕ ನೀರನ್ನು ಹಿಡಿದಿಟ್ಟುಕೊಳ್ಳದೆ ಇನ್ನೇನು ಮಾಡಿಯಾರು?

ಕಟ್ಟು ಪದ್ಧತಿಯಲ್ಲಿ ನಾಲೆಗೆ ನೀರು ಬಿಡುವುದು ಇಲ್ಲಿಗೆ ಹೊಸದೇನಲ್ಲ. ಹಾಗಾಗಿ ಇದು ಕೃಷಿ ಇಲಾಖೆಯ ತರಬೇತಿಗಿಂತ ಮೊದಲು ನೀರಾವರಿ ನಿಗಮದ ಕೆಲಸ: ನಾಟಿಗೆ ಮುನ್ನವೇ ಸರದಿಯ ದಿನಾಂಕ ಪ್ರಕಟಿಸಿ, ಆ ದಿನ ಕಡೆಯ ಗದ್ದೆಗೂ ನೀರು ಮುಟ್ಟಿಸುವುದು.