ರೊಕ್ಕ ಹೋತ್ರಿ ಸಾಹೇಬ್ರ... ಸಾಕ್ಷಿ ಎಲ್ಲೈತೋ ತಮ್ಮಾ?

ಪೊಲೀಸ್ ಸ್ಟೇಷನ್ ಅಂದ್ರೆ ನಮ್ಮ ಸಿನಿಮಾಗಳಲ್ಲಿ ಇರೋದು ಒಂದೇ ಸೀನು. ಮೋಸ ಹೋದ ಮುದುಕ ಅಳುತ್ತಾ ಒಳಗೆ ಬರ್ತಾನೆ. ಇನ್ಸ್‌ಪೆಕ್ಟರ್ ಹೀರೋ ಟೇಬಲ್ಲಿನ ಮೇಲಿನ ಟೋಪಿ ಎತ್ತಿಕೊಳ್ತಾನೆ. ಜೀಪು ಧೂಳೆಬ್ಬಿಸುತ್ತದೆ. ಮುಂದಿನ ರೀಲಿನಲ್ಲಿ ವಿಲನ್ನು ಮಣ್ಣು ಮುಕ್ಕಿರುತ್ತಾನೆ, ನೋಟಿನ ಕಟ್ಟು ಮುದುಕನ ಮಡಿಲಲ್ಲಿರುತ್ತದೆ! 1981ರ ‘ಅಂತ’ದಲ್ಲಿ ಅಂಬರೀಷ್‌ಗೆ ಬಿದ್ದ ಸಿಳ್ಳೆ, 1988ರ ‘ಸಾಂಗ್ಲಿಯಾನ’ದಲ್ಲಿ ಶಂಕರ್‌ನಾಗ್‌ಗೆ ಬಿದ್ದ ಸಿಳ್ಳೆ, ಎಲ್ಲ ಈ ಖಾಕಿಗೇ ಬಿದ್ದದ್ದು.

ಆದರೆ ಗೆಳೆಯರೇ, ನಿಜವಾದ ಸ್ಟೇಷನ್ನಿನಲ್ಲಿ ಮೊದಲು ಎದ್ದು ಬರೋದು ಟೋಪಿಯಲ್ಲ, ಪ್ರಶ್ನೆ. ಒಂದಲ್ಲ, ಹತ್ತು. ಆ ಹತ್ತು ಪ್ರಶ್ನೆಗೆ ಹೆದರಿ ಅರ್ಧ ದಾರಿಯಿಂದ ವಾಪಸ್ ಹೋದ ಹುಡುಗರಿಗಾಗಿ ಈ ವಾರದ ಮಾತು.

ಜೊಯಿಡಾ ತಾಲ್ಲೂಕಿನ ಅನಮೋಡ ಗೊತ್ತಲ್ಲ? ಬೆಳಗಾವಿಯಿಂದ ಗೋವಾಕ್ಕೆ ಹೋಗೋ ಹೆದ್ದಾರಿಯಲ್ಲಿ ಕರ್ನಾಟಕದ ಕಟ್ಟಕಡೆಯ ಊರು. ಅಲ್ಲಿಂದ ಘಾಟಿ ಇಳಿದರೆ ಮೊಲೆಮ್, ಅಂದ್ರೆ ಗೋವಾ. ಅನಮೋಡದ ತನಿಖಾ ಠಾಣೆಯಲ್ಲಿ ಅಬಕಾರಿಯವರು ಗಾಡಿ ನಿಲ್ಲಿಸಿದಾಗ “ನೀನು ಒಳ್ಳೆಯವನೇನಪ್ಪಾ?” ಅಂತ ಕೇಳುವುದಿಲ್ಲ. “ಡಿಕ್ಕಿ ತೆಗಿ” ಅಂತಾರೆ. ಅವರಿಗೆ ಮುಖ ಬೇಡ, ಮಾಲು ಬೇಕು. ಮೋಸದ ದೂರನ್ನು ಪೊಲೀಸರು ನೋಡುವುದೂ ಹೀಗೇ. ನಿಮ್ಮ ಕಣ್ಣೀರು ನಿಜವೇ ಇರಬಹುದು, ಆದರೆ ಅವರಿಗೆ ಬೇಕಾದ್ದು ಡಿಕ್ಕಿಯಲ್ಲಿ ಏನಿದೆ ಅನ್ನೋದು.

ಒಂದು ಕಥೆ ಕಟ್ಟೋಣ. ಅನಮೋಡದ ಕಡೆಯ ಒಬ್ಬ ಹುಡುಗ ಅಂದುಕೊಳ್ಳಿ. ನೋಡೋಕೆ ಚೆನ್ನಾಗಿದಾನೆ, ಹೇರ್‌ಸ್ಟೈಲ್ ಬಿಟ್ಟಿದಾನೆ. ಪಕ್ಕದಲ್ಲೇ ಕ್ಯಾಸಲ್‌ರಾಕ್, ಆಚೆಗೆ ದೂಧಸಾಗರ. 2013ರಲ್ಲಿ ಬಂದ ‘ಚೆನ್ನೈ ಎಕ್ಸ್‌ಪ್ರೆಸ್’ನಲ್ಲಿ ಶಾರುಖ್ ಖಾನನ ರೈಲು ನಿಂತದ್ದು ಅದೇ ಜಲಪಾತದ ಎದುರು. ಕ್ಯಾಮೆರಾ ಕಂಡ ಸೀಮೆ ಇದು. ಒಬ್ಬ ‘ಪ್ರೊಡಕ್ಷನ್ ಮ್ಯಾನೇಜರ್’ ಕಾರಿನಲ್ಲಿ ಬಂದಿಳಿಯುತ್ತಾನೆ. “ಇಲ್ಲೇ ಶೂಟಿಂಗ್ ಐತಿ ತಮ್ಮಾ, ಹೀರೋನ ತಮ್ಮನ ಪಾರ್ಟು ನಿಂದು, ಕಾರ್ಡು ಮಾಡಿಸೋಕೆ ನಲವತ್ತು ಸಾವಿರ” ಅಂತಾನೆ. ಹುಡುಗ ಎಮ್ಮೆ ಮಾರಿದ ರೊಕ್ಕ ಫೋನಿನಲ್ಲೇ ಕಳಿಸ್ತಾನೆ. ಹದಿನೈದು ದಿನ ಕಳೆದ ಮೇಲೆ ಮ್ಯಾನೇಜರನ ಫೋನು ಸ್ವಿಚ್ ಆಫ್!

ಹುಡುಗ ರಾಮನಗರದ ಠಾಣೆಗೆ ಬರ್ತಾನೆ. ರೈಟರ್ ಸಾಹೇಬರು ಕೇಳ್ತಾರೆ:

“ಏನಾತೋ ತಮ್ಮಾ?”

“ರೊಕ್ಕ ಹೋತ್ರಿ ಸಾಹೇಬ್ರ, ಮೋಸ ಮಾಡಿದ್ರಿ.”

“ರೊಕ್ಕ ಕೊಡೂಕಿಂತ ಮೊದ್ಲ ಅವ ಏನಂದಿದ್ದ?”

ಇದೇ ನೋಡಿ ಮೊದಲನೇ ಪ್ರಶ್ನೆ, ಇದೇ ಎಲ್ಲಕ್ಕೂ ದೊಡ್ಡದು. ‘ಫೋರ್ ಟ್ವೆಂಟಿ’ ಅನ್ನೋ ಬೈಗುಳ ನಮಗೆಲ್ಲ ಗೊತ್ತು. ರಾಜ್‌ಕಪೂರ್ 1955ರಲ್ಲೇ ಅದನ್ನು ಸಿನಿಮಾದ ಹೆಸರು ಮಾಡಿದ. ಆ 420ನೇ ಕಲಮು ಈಗ ಹೆಸರು ಬದಲಿಸಿಕೊಂಡಿದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು, ಅದರ 4ನೇ ಉಪಕಲಮು. ಶಿಕ್ಷೆ ಹಿಂದಿನಷ್ಟೇ, ಏಳು ವರ್ಷದವರೆಗೆ ಜೈಲು, ಜೊತೆಗೆ ದಂಡ. ಆ ತಾರೀಖಿಗಿಂತ ಮೊದಲು ನಡೆದ ಮೋಸಕ್ಕೆ ಈಗಲೂ ಹಳೆಯ 420.

ನಂಬರು ಬದಲಾದರೂ ತಿರುಳು ಬದಲಾಗಿಲ್ಲ. 1860ರ ದಂಡಸಂಹಿತೆಯಲ್ಲೇ ಒಂದು ಉದಾಹರಣೆ ಕೊಟ್ಟಿದ್ದಾರೆ, ಅದೂ ನೀಲಿ ಗಿಡದ ವ್ಯಾಪಾರದ್ದು. ಗಿಡ ಕೊಡ್ತೀನಿ ಅಂತ ಒಬ್ಬ ಮುಂಗಡ ತಗೋತಾನೆ. ಕೊಡುವ ಮನಸ್ಸೇ ಇಲ್ಲದೆ ತಗೊಂಡಿದ್ರೆ ಅದು ಮೋಸ. ಕೊಡಬೇಕು ಅಂತಲೇ ತಗೊಂಡು, ಆಮೇಲೆ ಕರಾರು ಮುರಿದಿದ್ರೆ ಅದು ಮೋಸವಲ್ಲ, ಸಿವಿಲ್ ಕೋರ್ಟಿನ ವ್ಯಾಜ್ಯ. 2000ದಲ್ಲಿ ಸುಪ್ರೀಂ ಕೋರ್ಟು ಹೃದಯರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಇದನ್ನೇ ಒತ್ತಿ ಹೇಳಿತು. ಕೆಟ್ಟ ಉದ್ದೇಶ ಶುರುವಿನಲ್ಲೇ ಇರಬೇಕು.

ಗಾಂಧಿನಗರದ ಭಾಷೆಯಲ್ಲಿ ಹೇಳೋದಾದರೆ, ಮುಹೂರ್ತ ಮಾಡಿ, ಎರಡು ಷೆಡ್ಯೂಲ್ ಮುಗಿಸಿ, ಫೈನಾನ್ಸ್ ಕೈಕೊಟ್ಟು ಚಿತ್ರ ಡಬ್ಬಾ ಸೇರಿದ ನಿರ್ಮಾಪಕ ಪಾಪರ್ ಇರಬಹುದು, ಅಷ್ಟಕ್ಕೇ ಫೋರ್ ಟ್ವೆಂಟಿ ಆಗುವುದಿಲ್ಲ. ಕ್ಯಾಮೆರಾನೂ ಇಲ್ಲ, ಕಥೆಯೂ ಇಲ್ಲ, ಹೆಸರೂ ಸುಳ್ಳು, ಆದರೂ ನಲವತ್ತು ಸಾವಿರ ಎಣಿಸಿಕೊಂಡವನು ಫೋರ್ ಟ್ವೆಂಟಿ.

ಸರಿ, ಮನಸ್ಸಿನೊಳಗಿನ ಉದ್ದೇಶವನ್ನು ಪೊಲೀಸರು ನೋಡೋದು ಹೇಗೆ? ಎಕ್ಸ್‌ರೇ ಇಲ್ಲ. ಸುತ್ತಲಿನ ಗುರುತು ನೋಡ್ತಾರೆ. ಅವನು ಹೇಳಿದ ಹೆಸರು, ಆಫೀಸು, ಬ್ಯಾನರ್ ನಿಜವಾಗಿ ಇವೆಯಾ? ರೊಕ್ಕ ಬಂದ ಕೂಡಲೇ ಎಲ್ಲಿಗೆ ಹೋಯ್ತು, ಚಿತ್ರದ ಖರ್ಚಿಗಾ ಅಥವಾ ಹತ್ತು ನಿಮಿಷದಲ್ಲಿ ಬೇರೆ ನಾಲ್ಕು ಖಾತೆಗಾ? ಇದೇ ಮಾತನ್ನು ಇನ್ನೆಷ್ಟು ಹುಡುಗರಿಗೆ ಹೇಳಿದಾನೆ?

ಕೊನೆಯದಕ್ಕೆ ಭಾರಿ ತೂಕ. ಒಬ್ಬನ ದೂರು ‘ವ್ಯಾಪಾರ ಕೈಕೊಟ್ಟಿತು’ ಅಂತ ಕಾಣಬಹುದು. ಹಲವರ ದೂರು ಒಂದೇ ಥರ ಇದ್ದಾಗ ಅದು ಸ್ಕ್ರಿಪ್ಟು! 2019ರ ಜೂನಿನಲ್ಲಿ ಬೆಂಗಳೂರಿನ ಐಎಂಎ ಕಂಪನಿಯ ವಿರುದ್ಧ ಸಾವಿರಾರು ಠೇವಣಿದಾರರು ದೂರು ಹಿಡಿದು ಸಾಲು ನಿಂತದ್ದು ನೆನಪಿದೆಯಾ? ದುಬೈಗೆ ಹಾರಿದ್ದ ಮಾಲೀಕ ಮರುತಿಂಗಳು ದಿಲ್ಲಿಯಲ್ಲಿ ಇಳಿದಾಗ ಬಂಧನವಾಯ್ತು. ಅಲ್ಲಿ ಒಂದೊಂದು ದೂರೂ ಇನ್ನೊಂದಕ್ಕೆ ಸಾಕ್ಷಿಯಾಗಿ ನಿಂತಿತು. ಆದ್ದರಿಂದ ಮೋಸ ಹೋದ ಹುಡುಗ ಮೊದಲು ಮಾಡಬೇಕಾದ್ದು, ತನ್ನ ಹಾಗೇ ಕೊಟ್ಟು ಕೂತವರನ್ನು ಹುಡುಕೋದು.

ಈಗ ಒಂದು ವಿಚಿತ್ರ ಕೇಳಿ. ನಮ್ಮ ಜನ ಬಾಂಡ್ ಪೇಪರ್ ಅಂದ್ರೆ ಬ್ರಹ್ಮಾಸ್ತ್ರ ಅಂದುಕೊಂಡಿದಾರೆ. “ಸಹಿ ಐತ್ರಿ ಸಾಹೇಬ್ರ!” ಅಂತ ಎದೆ ತಟ್ಟಿ ತೋರಿಸ್ತಾರೆ. ಅದರಲ್ಲಿ ಏನು ಬರೆದಿರುತ್ತೆ? ‘ಕೈಗಡ ಪಡೆದಿರುತ್ತೇನೆ, ಆರು ತಿಂಗಳಲ್ಲಿ ಹಿಂತಿರುಗಿಸುತ್ತೇನೆ.’ ಅಲ್ಲಿಗೆ ಮುಗೀತು! ಓದಿದ ಸಾಹೇಬರಿಗೆ ಅದು ಸಾಲ, ಸಿವಿಲ್ ವಿಷಯ. ಸಿನಿಮಾ ಚಾನ್ಸಿಗೆ ರೊಕ್ಕ ಕೊಟ್ಟೆ ಅಂತ ಹೇಳೋಕೆ ನಾಚಿಕೆ. ಊರವರು ನಗ್ತಾರೆ, ಅಪ್ಪ ಬೈತಾನೆ ಅಂತ ಹುಡುಗನೇ ದೂರಿನಲ್ಲೂ ‘ಕೈಗಡ’ ಅಂತ ಬರೆಸಿಬಿಡ್ತಾನೆ. ಮೋಸದ ಜೀವಾಳ ಇರೋದೇ ಆ ಚಾನ್ಸಿನ ಸುಳ್ಳಿನಲ್ಲಿ. ನಾಚಿಕೆಗೆ ಅದನ್ನು ಮುಚ್ಚಿಟ್ಟವನು ತನ್ನ ಕೇಸನ್ನು ತಾನೇ ಮುಚ್ಚಿದ ಹಾಗೆ. ನಗುವವರು ನಗಲಿ, ನಡೆದದ್ದನ್ನು ನಡೆದ ಹಾಗೇ ಹೇಳಿ.

ಇನ್ನು ಕಾಗದವೇ ಸುಳ್ಳಾದರೆ? ಅನಮೋಡದಿಂದ ಬೆಳಗಾವಿ ಕಡೆ ಹೋದರೆ ಖಾನಾಪುರ ಸಿಗುತ್ತೆ. ನಕಲಿ ಛಾಪಾಕಾಗದದ ಅಬ್ದುಲ್ ಕರೀಂ ತೆಲಗಿಯ ಹುಟ್ಟೂರು. ಓದಿನ ಖರ್ಚಿಗೆ ರೈಲಿನಲ್ಲಿ ಹಣ್ಣು ಮಾರಿದ ಹುಡುಗ, ಆಮೇಲೆ ದೇಶಕ್ಕೇ ಸುಳ್ಳು ಸ್ಟ್ಯಾಂಪು ಮಾರಿದ. 2001ರಲ್ಲಿ ಅಜ್ಮೇರದಲ್ಲಿ ಸಿಕ್ಕಿಬಿದ್ದ, 2006ರಲ್ಲಿ 30 ವರ್ಷದ ಶಿಕ್ಷೆಯಾಯ್ತು, 2017ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ. ಅವನಿಗೆ ಬೆಂಗಳೂರಿನಲ್ಲಿ ಮಂಪರು ಪರೀಕ್ಷೆ ಮಾಡಿದ್ದು, ಅದು ಟೀವಿಯಲ್ಲಿ ಬಂದದ್ದು, ಜನ ಬಾಯಿಬಿಟ್ಟು ನೋಡಿದ್ದು ಎಲ್ಲ ಆಯಿತು. ಸೂಜಿ ಚುಚ್ಚಿದರೆ ಸತ್ಯ ಬಂದೇ ಬಂತು ಅಂದುಕೊಂಡಿದ್ದರು.

2010ರ ಮೇ 5ರಂದು ಸುಪ್ರೀಂ ಕೋರ್ಟು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪಿನಲ್ಲಿ ಆ ಭ್ರಮೆಗೆ ತೆರೆ ಎಳೆಯಿತು. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡೋ ಹಾಗಿಲ್ಲ. ಒಪ್ಪಿ ಮಾಡಿಸಿಕೊಂಡರೂ ಮಂಪರಿನ ಮಾತೇ ಸಾಕ್ಷಿಯಾಗುವುದಿಲ್ಲ, ಆ ಮಾತಿನ ಜಾಡು ಹಿಡಿದು ಸಿಕ್ಕಿದ್ದು ಮಾತ್ರ ಆಗಬಹುದು. ಅಷ್ಟೇ ಅಲ್ಲ, 2018ರ ಡಿಸೆಂಬರಿನಲ್ಲಿ ನಾಸಿಕದ ಕೋರ್ಟು ಛಾಪಾಕಾಗದದ ಒಂದು ಪ್ರಕರಣದಲ್ಲಿ, ಸತ್ತುಹೋಗಿದ್ದ ತೆಲಗಿಯನ್ನೂ ಸೇರಿಸಿ ಆರೋಪಿಗಳನ್ನು ಸಾಕ್ಷ್ಯ ಸಾಲದು ಅಂತ ಖುಲಾಸೆ ಮಾಡಿತು. ಹೆಸರು ಎಷ್ಟೇ ಕೆಟ್ಟಿರಲಿ, ಪ್ರತಿ ಕೇಸಿಗೂ ತೂಕ ಬೇರೆ, ತಕ್ಕಡಿ ಬೇರೆ.

ಅಂದಮೇಲೆ ಸಿನಿಮಾ ಇನ್ಸ್‌ಪೆಕ್ಟರು ಲಾಠಿ ಬೀಸಿ “ಹೌದು, ನಾನೇ ತಿಂದೆ” ಅನ್ನಿಸೋದು? ಥಿಯೇಟರಿನಲ್ಲಿ ಚಪ್ಪಾಳೆ, ಕೋರ್ಟಿನಲ್ಲಿ ಕಸದ ಬುಟ್ಟಿ! ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಆರೋಪಿಯ ವಿರುದ್ಧ ಸಾಕ್ಷಿ ಅಂತ ಹಾಕೋ ಹಾಗಿಲ್ಲ. ಹಳೆಯ ಸಾಕ್ಷ್ಯ ಕಾಯಿದೆಯಲ್ಲಿ 25ನೇ ಕಲಮು, ಹೊಸದರಲ್ಲಿ 23ನೇ ಕಲಮು. ಅವನ ಮಾತಿನಿಂದ ಹೊಸದಾಗಿ ಒಂದು ವಸ್ತು ಸಿಕ್ಕರೆ, ಆ ವಸ್ತುವಿಗೆ ಸಂಬಂಧಪಟ್ಟಷ್ಟು ಮಾತು ಮಾತ್ರ ನಿಲ್ಲುತ್ತದೆ. ಅದಕ್ಕೇ ಜಾಣ ತನಿಖಾಧಿಕಾರಿ ಲಾಠಿಗಿಂತ ಬ್ಯಾಂಕ್ ಸ್ಟೇಟ್‌ಮೆಂಟನ್ನು ನಂಬುತ್ತಾನೆ.

“ಸಾಕ್ಷಿ ಪೂರ್ತಿ ತಂದಮೇಲೆ ಕೇಸು ತಗೋತೀವಿ” ಅಂತ ಯಾರಾದರೂ ಅಂದ್ರೆ? ಹೆದರಬೇಡಿ. ದೂರು ದಾಖಲಿಸೋದು ಬೇರೆ, ಅಪರಾಧ ರುಜುವಾತು ಮಾಡೋದು ಬೇರೆ. 2013ರ ಲಲಿತಾ ಕುಮಾರಿ ತೀರ್ಪು ಹೇಳೋದೇ ಅದು. ದೂರಿನಲ್ಲಿ ಪೊಲೀಸರು ತಾವೇ ಕೈಹಾಕಬಹುದಾದ ಅಪರಾಧ ಕಂಡರೆ ಎಫ್‌ಐಆರ್ ಹಾಕಲೇಬೇಕು, ದೂರು ನಿಜವೋ ಸುಳ್ಳೋ ಅಂತ ಆಗಲೇ ತೀರ್ಮಾನಿಸುವ ಹಾಗಿಲ್ಲ. ವ್ಯಾಪಾರ, ಹಣಕಾಸಿನಂಥ ಕೆಲವು ವಿಷಯಗಳಲ್ಲಿ ಸಣ್ಣ ಪ್ರಾಥಮಿಕ ವಿಚಾರಣೆಗೆ ಅವಕಾಶ ಇಟ್ಟಿದೆ. ರೈಟರ್ ಸಾಹೇಬರ ಹತ್ತು ಪ್ರಶ್ನೆ ಹುಟ್ಟೋದು ಅಲ್ಲಿಂದ. ಅವು ನಿಮ್ಮ ಮೇಲಿನ ಅನುಮಾನವೇ ಆಗಬೇಕೆಂದಿಲ್ಲ.

ಗಡಿಯ ಹುಡುಗರಿಗೆ ಇನ್ನೊಂದು ಮಾತು. ರೊಕ್ಕ ಕೊಟ್ಟದ್ದು ಗೋವಾದಲ್ಲಿ, ಫೋನು ಬಂದದ್ದು ಬೆಂಗಳೂರಿನಿಂದ, ಮನೆ ಅನಮೋಡದಲ್ಲಿ. ಹಾಗಿದ್ದರೂ “ನಮ್ಮ ಹದ್ದಲ್ಲ” ಅಂತ ಯಾವ ಠಾಣೆಯೂ ಹಿಂದಕ್ಕೆ ಕಳಿಸೋ ಹಾಗಿಲ್ಲ. ಹೊಸ ಕಾನೂನಿನ 173ನೇ ಕಲಮಿನಲ್ಲಿ ಇದು ಅಚ್ಚಾಗಿದೆ, ಝೀರೋ ಎಫ್‌ಐಆರ್ ಅಂತಾರೆ. ಎಫ್‌ಐಆರ್ ಪ್ರತಿ ಪುಕ್ಕಟೆ. ತಗೊಳ್ಳದಿದ್ದರೆ ಕಾರವಾರದ ಎಸ್ಪಿ ಸಾಹೇಬರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲಿದೆ. ಕೊನೆಗೆ ತನಿಖೆ ಮುಗಿಸಿ ‘ಬಿ ರಿಪೋರ್ಟ್’ ಹಾಕಿದರೂ, ಅಂದ್ರೆ ದೂರು ಸುಳ್ಳು ಅಂತ ವರದಿ ಕೊಟ್ಟರೂ, ಅದಕ್ಕೆ ತಕರಾರು ಅರ್ಜಿ ಹಾಕೋ ಹಕ್ಕು ನಿಮಗಿದೆ.

ಫೋನಿನ ವಿಷಯ. ಸಿಟ್ಟಿಗೆ ಅವನ ನಂಬರ್ ಅಳಿಸಬೇಡಿ, ವಾಟ್ಸಾಪ್ ಮಾತು ಅಳಿಸಬೇಡಿ, ಫೋನನ್ನೇ ಮಾರಬೇಡಿ. ಬರೀ ಸ್ಕ್ರೀನ್‌ಶಾಟ್ ಪ್ರಿಂಟು ಕೋರ್ಟಿನಲ್ಲಿ ಕುಂಟುತ್ತದೆ. ಹೊಸ ಸಾಕ್ಷ್ಯ ಕಾಯಿದೆಯ 63ನೇ ಕಲಮಿನ ಪ್ರಮಾಣಪತ್ರ ಜೊತೆಗೆ ಬೇಕು, ಮೂಲ ಫೋನು ಕೈಯಲ್ಲಿದ್ದರೆ ಇನ್ನೂ ಬಲ. ಫೋನಿನಲ್ಲಿ ರೊಕ್ಕ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಹೊಡೀರಿ. ರೊಕ್ಕ ಖಾತೆಯಿಂದ ಖಾತೆಗೆ ಜಿಗಿಯೋ ಮೊದಲು ತಡೆದರೆ ವಾಪಸ್ ಬರೋ ಆಸೆ ಇದೆ. ನಾಳೆ ನೋಡೋಣ ಅಂದವನಿಗೆ ಇಲ್ಲ.

ಹಾಗೇ, ಕಮಿಷನ್ ಆಸೆಗೆ ನಿಮ್ಮ ಬ್ಯಾಂಕ್ ಖಾತೆಯನ್ನು ಯಾರಿಗೂ ಬಾಡಿಗೆ ಕೊಡಬೇಡಿ ಮಾರಾಯರೇ! ಪೊಲೀಸರು ರೊಕ್ಕದ ಹೆಜ್ಜೆ ಹಿಡಿದು ಬಂದಾಗ ಮೊದಲು ಕಾಣೋದು ಖಾತೆದಾರನ ಹೆಸರು. ನಿಜವಾದ ವಿಲನ್ನು ಎಲ್ಲೋ ಕೂತಿರ್ತಾನೆ, ಕೈಗೆ ಬೇಡಿ ನಿಮಗೆ.

ನಟನಿಗೆ ಸಂಭಾವನೆ ಕೊಡೋದು ಸಿನಿಮಾದ ಪದ್ಧತಿ. ನಟನಿಂದಲೇ ವಸೂಲಿ ಮಾಡೋದು ಯಾವ ಸೀಮೆಯ ಪದ್ಧತಿ? ಎಮ್ಮೆ ಮಾರೋ ಮೊದಲು ಇದೊಂದನ್ನು ಕೇಳಿಕೊಳ್ಳಿ. ಮಾರಿ ಆಗಿದ್ದರೆ, ಒಂದು ಹಾಳೆ ತಗೊಂಡು ತಾರೀಖು, ಹೊತ್ತು, ಜಾಗ, ಅವನು ಆಡಿದ ಮಾತು, ಪಕ್ಕದಲ್ಲಿ ಯಾರಿದ್ದರು ಅನ್ನೋದನ್ನು ನೆನಪು ಮಾಸುವ ಮೊದಲು ಬರೆದಿಡಿ. ಆ ಹಾಳೆ ಹಿಡಿದು ಠಾಣೆಯ ಮೆಟ್ಟಿಲು ಹತ್ತಿ, ತಲೆ ತಗ್ಗಿಸದೆ. ಮೋಸ ಹೋಗೋದು ಅಪರಾಧವಲ್ಲ.